ದನಿ ತಗ್ಗಿದ್ದರೆ ತಲೆ ತಗ್ಗಿಸಬೇಕಾಗಿಲ್ಲ

(ಬೇಗೂರಿನಲ್ಲಿ ಸೇರಿದ್ದ ಕನ್ನಡ ಯುವಜನರ ಕೂಟದಲ್ಲಿ, ರಾಜ್ಯೋತ್ಸವಕ್ಕೆ ಕರೋಕೆ ಹಾಡಲು ಹೆಸರು ಕೊಟ್ಟವರನ್ನು ಉದ್ದೇಶಿಸಿ ಸುಗಮ ಸಂಗೀತದ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹರೂಪ.)



ಬೇಗೂರು ಸಾಮಾನ್ಯದ ಊರಲ್ಲ. ಇಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಕಲ್ಲಿದೆ. ಗಂಗರ ಕಾಲದ ವೀರಗಲ್ಲು, ಸುಮಾರು ಕ್ರಿ.ಶ. 890ರದ್ದು. ಅದರ ಮೇಲೆ ‘ಬೆಂಗಳೂರು ಕಾಳಗ’ದ ಮಾತು ಹಳಗನ್ನಡದಲ್ಲಿ ಕೆತ್ತಿದೆ. ನಮ್ಮ ರಾಜಧಾನಿಯ ಹೆಸರಿಗೆ ಸಿಕ್ಕಿರುವ ಹಳೆಯ ಸಾಕ್ಷಿ ಅದು. ಸಾವಿರದ ನೂರು ವರ್ಷ ದಾಟಿದರೂ ಆ ಕಲ್ಲು ಮಾತಾಡುತ್ತಲೇ ಇದೆ. ಕಲ್ಲೇ ಮಾತಾಡುವ ಊರಿನಲ್ಲಿ ನಮ್ಮ ಹೆಣ್ಣುಮಕ್ಕಳು ಮೈಕ್ ಕಂಡ ಕೂಡಲೇ ಕಲ್ಲಾಗಿಬಿಡುತ್ತಾರೆ ಅಂದರೆ ಹೇಗೆ?

ಈ ಮಾತು ಸುಮ್ಮನೆ ಎತ್ತಿದ್ದಲ್ಲ. ಹಾಡುವವರ ಪಟ್ಟಿ ಇಲ್ಲಿ ನನ್ನ ಕೈಯಲ್ಲಿದೆ. ಹುಡುಗರ ಹೆಸರುಗಳು ಸಾಲಾಗಿ ನಿಂತಿವೆ. ಹುಡುಗಿಯರ ಸಾಲಿನಲ್ಲಿ ಮಾತ್ರ ಬರೆದು ಹೊಡೆದುಹಾಕಿದ ಹೆಸರುಗಳು ಮೂರು. ಮೂವರನ್ನೂ ಕರೆದು ಕಾರಣ ಕೇಳಿದೆ. ಒಬ್ಬಳು ಅಂದಳು: “ನಂದು ಗಂಡು ದನಿ ಮೇಡಂ, ಫೋನಿನಲ್ಲಿ ಎಲ್ಲರೂ ಸಾರ್ ಅಂತಾರೆ.” ಇನ್ನೊಬ್ಬಳು: “ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ನೀನು ಬಾಯಿ ಮಾತ್ರ ಆಡಿಸು ಅಂದಿದ್ದರು.” ಮೂರನೆಯವಳು: “ಆಫೀಸಿನ ಪಾರ್ಟಿಯಲ್ಲಿ ಒಂದು ಸಲ ಹಾಡಿದೆ. ಪಲ್ಲವಿ ಚೆನ್ನಾಗಿತ್ತು. ಚರಣಕ್ಕೆ ಬಂದಾಗ ದನಿ ಕೀರಲಾಯಿತು. ಎಲ್ಲರೂ ನಕ್ಕರು. ಅವತ್ತೇ ಕೊನೆ.”

ಈ ಮೂವರೂ ತಮ್ಮ ಗಂಟಲಿನಲ್ಲಿ ದೋಷವಿದೆ ಅಂದುಕೊಂಡಿದ್ದಾರೆ. ನಾನು ಹೇಳುತ್ತೇನೆ, ದೋಷ ಗಂಟಲಿನದಲ್ಲ, ಹಾಡಿಗೆ ಇಟ್ಟ ಶ್ರುತಿಯದು. ಇಲ್ಲಿ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅಕ್ಕಂದಿರು ಕೂತಿದ್ದೀರಿ. ನೀವೇ ಹೇಳಿ, ರವಿಕೆ ಬಿಗಿಯಾದರೆ ಹೊಲಿಗೆ ಬಿಚ್ಚುತ್ತೀರೋ, ಮೈ ಕೊಯ್ಯುತ್ತೀರೋ? ಹಾಡಿನ ವಿಷಯದಲ್ಲಿ ಮಾತ್ರ ನಾವು ಮೈ ಕೊಯ್ಯಲು ಹೊರಡುತ್ತೇವೆ. ಬೇರೆ ಯಾರದೋ ಅಳತೆಗೆ ಹೊಲಿದ ಹಾಡಿನೊಳಗೆ ನಮ್ಮ ದನಿಯನ್ನು ತುರುಕುತ್ತೇವೆ. ಅದು ಹರಿದಾಗ ದನಿಯನ್ನೇ ಬೈಯುತ್ತೇವೆ.

‘ಗಂಡು ದನಿ’ ಅನ್ನುವ ಬೈಗುಳ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ತಗ್ಗು ದನಿ ಅಂದರೆ ಮೆಲ್ಲಗಿನ ದನಿ ಅಲ್ಲ. ಕೆಳಗಿನ ಶ್ರುತಿಯಲ್ಲಿ ನಿಲ್ಲುವ ದನಿ. ಅದು ಗುಡುಗಿನಷ್ಟು ಜೋರಾಗಿಯೂ ಇರಬಹುದು.

ನಮ್ಮ ಗಂಟಲಿನಲ್ಲಿ ಎರಡು ಸಣ್ಣ ಮಡಿಕೆಗಳಿವೆ. ಉಸಿರು ಹಾದುಹೋಗುವಾಗ ಅವು ಅದುರಿ ದನಿ ಹುಟ್ಟುತ್ತದೆ. ಮಾತಾಡುವಾಗ ಹೆಂಗಸಿನ ಗಂಟಲಲ್ಲಿ ಅವು ಸೆಕೆಂಡಿಗೆ ಸುಮಾರು 200 ಸಲ ಅದುರುತ್ತವೆ, ಗಂಡಸಿನ ಗಂಟಲಲ್ಲಿ ಸುಮಾರು 120 ಸಲ. ಇದು ಸರಾಸರಿ ಲೆಕ್ಕ, ಕಾನೂನಲ್ಲ. ಮಡಿಕೆ ಉದ್ದವಾಗಿ ದಪ್ಪವಾಗಿದ್ದರೆ ಅದುರುವುದು ನಿಧಾನ, ದನಿ ಕೆಳಗೆ. ವೀಣೆಯ ದಪ್ಪ ತಂತಿ ಕೆಳಗಿನ ಸ್ವರ ಕೊಡುವ ಹಾಗೆ. ಎತ್ತರದ ಹುಡುಗಿಯರಿದ್ದಾರೆ, ಗಿಡ್ಡ ಹುಡುಗರಿದ್ದಾರೆ; ದನಿಯೂ ಹಾಗೆಯೇ. ಎತ್ತರದ ಹುಡುಗಿಯನ್ನು ಗಂಡಸು ಅಂತ ಯಾರೂ ಕರೆಯುವುದಿಲ್ಲ. ಹಾಗಾದರೆ ದನಿಗೆ ಮಾತ್ರ ಈ ಬೈಗುಳ ಯಾಕೆ?

ಪಶ್ಚಿಮದವರು ಹೆಣ್ಣು ದನಿಯಲ್ಲೇ ಮೇಲಿನದು, ನಡುವಿನದು, ಕೆಳಗಿನದು ಅಂತ ಮೂರು ವಿಂಗಡಿಸಿ, ಕೆಳಗಿನದಕ್ಕೆ ಕಾಂಟ್ರಾಲ್ಟೊ ಅಂತ ಹೆಸರಿಟ್ಟರು. ಆ ದನಿಗೆಂದೇ ಪಾತ್ರಗಳನ್ನೂ ಬರೆದರು. ನಾವು ಇಟ್ಟ ಹೆಸರು ‘ಗಂಡುಬೀರಿ’. ಇಷ್ಟೇ ವ್ಯತ್ಯಾಸ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಹುಟ್ಟಿನಿಂದ ತಗ್ಗಿದ ದನಿ ಬೇರೆ, ಕೆಟ್ಟ ದನಿ ಬೇರೆ. ದಿನವಿಡೀ ಕಾಲ್ ಸೆಂಟರಿನಲ್ಲಿ ಮಾತಾಡುವವರು, ಹೊಲಿಗೆ ಯಂತ್ರಗಳ ಸದ್ದಿನ ಮೇಲೆ ಕೂಗಿ ಮಾತಾಡುವವರು ಇಲ್ಲಿದ್ದೀರಿ. ಇದ್ದಕ್ಕಿದ್ದ ಹಾಗೆ ದನಿ ಒಡೆದು ಎರಡು ಮೂರು ವಾರ ಸರಿಯಾಗದಿದ್ದರೆ ಗಂಟಲಿನ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆಯಿಂದಲೂ ದನಿ ಇಳಿಯುವುದುಂಟು. ರೋಗ ಇದ್ದರೆ ಔಷಧಿ ತಗೊಳ್ಳಿ. ರೋಗವಿಲ್ಲದ ದನಿಗೆ ಔಷಧಿ ಹುಡುಕಬೇಡಿ.

ಹುಬ್ಬಳ್ಳಿಯ ಗಂಗಜ್ಜಿ

ಈಗ ಒಬ್ಬ ಹುಡುಗಿಯ ಕಥೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವಳು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದವರಲ್ಲಿ ಈ ಬಾಲಕಿಯೂ ಇದ್ದಳು. ಆಗ ಎಳೆಯ ದನಿ, ಮೇಲಕ್ಕೆ ಹಾರುವ ದನಿ. ಮುಂದೆ 1930ರ ದಶಕದಲ್ಲಿ ಮುಂಬಯಿಗೆ ಹೋಗಿ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದಾಗಲೂ ಅದೇ ತೆಳು ದನಿ. ಆ ತಟ್ಟೆಗಳ ಮೇಲೆ ಇದ್ದ ಹೆಸರು ಗಾಂಧಾರಿ ಹಾನಗಲ್.

ಆಮೇಲೆ ಗಂಟಲಿನ ತೊಂದರೆ ಬಂತು, ಚಿಕಿತ್ಸೆ ಆಯಿತು, ದನಿ ಇಳಿಯಿತು. ಸಣ್ಣಗೆ ಇಳಿದದ್ದಲ್ಲ. ರೇಡಿಯೋದಲ್ಲಿ ಹೆಸರು ಕೇಳದೆ ಬರೀ ಹಾಡು ಕೇಳಿದವರು ಗಂಡಸು ಹಾಡುತ್ತಿದ್ದಾರೆ ಅಂದುಕೊಳ್ಳುವಷ್ಟು. ಇವತ್ತಿನ ನಮ್ಮ ಹುಡುಗಿಯರಾಗಿದ್ದರೆ ತಂಬೂರಿಯನ್ನು ಅಟ್ಟಕ್ಕೆ ಹಾಕಿ ಕೂರುತ್ತಿದ್ದರೇನೋ. ಆಕೆ ಏನು ಮಾಡಿದರು? ದನಿ ಎಲ್ಲಿಗೆ ಬಂದು ನಿಂತಿತೋ ಅಲ್ಲಿಗೆ ತಂಬೂರಿಯ ಶ್ರುತಿಯನ್ನು ಇಳಿಸಿದರು, ಹಾಡಿದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತ ಕಿರಾಣಾ ಘರಾಣೆಯ ವಿದ್ಯೆ ಅದು. ಮಂದ್ರದಿಂದ ಒಂದೊಂದೇ ಸ್ವರವನ್ನು ಬಿಡಿಸುತ್ತಾ ರಾಗವನ್ನು ನಿಧಾನವಾಗಿ ಎಬ್ಬಿಸುವ ಆ ಪದ್ಧತಿಗೆ ತಗ್ಗಿದ ದನಿ ತೊಡಕಾಗಲಿಲ್ಲ, ಬಲವಾಯಿತು.

ಅವರೇ ಗಂಗೂಬಾಯಿ ಹಾನಗಲ್. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. 2009ರಲ್ಲಿ ತೀರಿಕೊಂಡರು. ಇವತ್ತು ಮೈಸೂರಿನಲ್ಲಿರುವ ನಮ್ಮ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ನೆನಪಿಡಿ, ‘ಗಂಡು ದನಿ’ಯ ಹೆಣ್ಣುಮಗಳೊಬ್ಬಳ ಹೆಸರು! ಇನ್ನು ಮುಂದೆ ಯಾರಾದರೂ ಆ ಮಾತೆತ್ತಿ ನಕ್ಕರೆ ಈ ಹೆಸರು ಹೇಳಿ.

ಹಿಂದೂಸ್ತಾನಿ ಸಂಗೀತ ದೂರದ್ದು ಅನ್ನುವವರಿಗೆ ರಂಗಭೂಮಿಯ ಬಿ. ಜಯಶ್ರೀ ಅವರಿದ್ದಾರೆ. ಗುಬ್ಬಿ ವೀರಣ್ಣನವರ ಮೊಮ್ಮಗಳು. ಆ ದನಿಯ ಗತ್ತು ನಾಟಕ ನೋಡಿದವರಿಗೆ ಗೊತ್ತು. ಸಿನಿಮಾದಲ್ಲಿ ಎಷ್ಟೋ ನಾಯಕಿಯರ ಬಾಯಿಗೆ ಮಾತು ಕೊಟ್ಟವರು ಅವರು. 2001ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದ ‘ಕಾರ್ ಕಾರ್’ ಹಾಡನ್ನು ಕೇಳಿ. ಅಲ್ಲಿ ಸಕ್ಕರೆ ಪಾಕ ಇಲ್ಲ, ಖಾರ ಇದೆ. ಊರಿಗೆ ಊರೇ ಕುಣಿಯಲಿಲ್ಲವೇ?

ಹೆಣ್ಣು ದನಿ ಮೇಲಕ್ಕೆ ಹೋದದ್ದು ಯಾವಾಗ?

ಹೆಣ್ಣಿನ ದನಿ ಅಂದರೆ ಕೊಳಲಿನ ಹಾಗೆ ತೆಳ್ಳಗಿರಬೇಕು ಅನ್ನುವುದು ಅನಾದಿಯಿಂದ ಬಂದ ಧರ್ಮವೇನಲ್ಲ. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ್ದು ಯಾವ ಶ್ರುತಿಯಲ್ಲಿ? ಮಾತಾಡುವ ಶ್ರುತಿಯಲ್ಲಿ. ತೋಳು ಕಲ್ಲು ತಿರುಗಿಸುತ್ತಿರುವಾಗ ತಾರಸ್ಥಾಯಿಗೆ ಏರಲು ಉಸಿರೆಲ್ಲಿ ಬರುತ್ತದೆ? ಸೋಬಾನೆ ಹಾಡುವ ಹೆಂಗಸರು ಯಾರ ದನಿ ತೆಳು, ಯಾರ ದನಿ ದಪ್ಪ ಅಂತ ಪರೀಕ್ಷೆ ಮಾಡಿ ಹಸೆಯ ಮುಂದೆ ಕೂರಿಸುತ್ತಿರಲಿಲ್ಲ. ಪದ ಬಂದರೆ ಸಾಕಿತ್ತು.

ಹಿಂದಿ ಸಿನಿಮಾದಲ್ಲೂ 1940ರ ದಶಕದವರೆಗೆ ಶಂಶಾದ್ ಬೇಗಂ ಅವರಂಥ ಎದೆದನಿಗಳು ಆಳುತ್ತಿದ್ದವು. 1949ರಲ್ಲಿ ‘ಮಹಲ್’ ಬಂದಮೇಲೆ ಲತಾ ಮಂಗೇಶ್ಕರರ ತೆಳ್ಳನೆಯ ಎತ್ತರದ ದನಿ ಇಡೀ ದೇಶಕ್ಕೆ ಅಳತೆಗೋಲಾಯಿತು. ನಾಯಕಿ ಅಂದರೆ ಆ ದನಿ. ಕ್ಲಬ್ಬಿನಲ್ಲಿ ಕುಣಿಯುವವಳಿಗೆ, ಖಳನಾಯಕಿಗೆ ಬೇರೆ ದನಿ. ಒಳ್ಳೆಯ ಹೆಣ್ಣಿಗೆ ಒಂದು ಶ್ರುತಿ, ಕೆಟ್ಟ ಹೆಣ್ಣಿಗೆ ಒಂದು ಶ್ರುತಿ! ಕನ್ನಡ ಚಿತ್ರರಂಗವೂ ಅದೇ ದಾರಿ ಹಿಡಿಯಿತು. ಪಿ. ಸುಶೀಲ, ಎಸ್. ಜಾನಕಿ, ವಾಣಿ ಜಯರಾಂ ನಮಗೆ ಕೊಟ್ಟದ್ದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅವರ ದನಿಗೆ ಕೈ ಮುಗಿಯೋಣ. ಆದರೆ ಕೈ ಮುಗಿಯುವುದು ಬೇರೆ, ಅವರ ಶ್ರುತಿಯಲ್ಲೇ ಹಾಡದಿದ್ದರೆ ಹಾಡಲೇ ಬಾರದು ಅನ್ನುವುದು ಬೇರೆ.

ದಪ್ಪ ದನಿ ಅಂತ ಶಾಲೆಯ ಸಂಗೀತದ ತರಗತಿಯಿಂದ ಹೊರಗುಳಿದ ಉಷಾ ಉತ್ತುಪ್, 1969ರ ಸುಮಾರಿಗೆ ಮದ್ರಾಸಿನ ನೈಟ್‌ಕ್ಲಬ್ಬಿನಲ್ಲಿ ಸೀರೆಯುಟ್ಟು ಹಾಡಲು ನಿಂತರು. 2024ರಲ್ಲಿ ಅವರಿಗೆ ಪದ್ಮಭೂಷಣ ಬಂತು. ತರಗತಿ ಬೇಡ ಅಂದದ್ದನ್ನು ಜನ ಬೇಕು ಅಂದರು.

ಯಂತ್ರ ಹುಟ್ಟಿದ್ದೇ ಗಂಟಲಿಗಾಗಿ

ಇನ್ನು ಕರೋಕೆಗೆ ಬರೋಣ. ಇದು ಜಪಾನಿ ಮಾತು, ಅರ್ಥ ‘ಖಾಲಿ ವಾದ್ಯಮೇಳ’. ವಾದ್ಯ ಇದೆ, ಹಾಡುವವರ ಜಾಗ ಖಾಲಿ ಇದೆ, ನೀವು ಬಂದು ತುಂಬಿ ಅಂತ. 1967ರಲ್ಲಿ ಟೋಕಿಯೋದ ಶಿಗೆಯಿಚಿ ನೆಗಿಷಿ ಇಂಥದೊಂದು ಪೆಟ್ಟಿಗೆ ಮಾಡಿದರು. 1971ರಲ್ಲಿ ಕೋಬೆ ಪಟ್ಟಣದ ದೈಸುಕೆ ಇನೊಯೆ ಇನ್ನೊಂದು ಮಾಡಿದರು. ಈ ಇನೊಯೆ ಅವರ ಕಸುಬೇ ಬಾರುಗಳಲ್ಲಿ ಹಾಡುವ ಗಿರಾಕಿಗಳಿಗೆ ಹಿಂದಿನಿಂದ ವಾದ್ಯ ನುಡಿಸುವುದು. ಗಿರಾಕಿಯ ಗಂಟಲು ಎಲ್ಲಿಗೆ ಹೋಗುತ್ತದೋ ವಾದ್ಯ ಅಲ್ಲಿಗೆ ಹೋಗಬೇಕು. ಒಬ್ಬ ಗಿರಾಕಿ ಪ್ರವಾಸಕ್ಕೆ ಜೊತೆಗೆ ಬಾ ಅಂದಾಗ, ಹೋಗಲಾಗದೆ ಟೇಪಿನಲ್ಲಿ ವಾದ್ಯ ತುಂಬಿಸಿ ಕೊಟ್ಟರು. ಅಲ್ಲಿಂದ ಅವರ ಯಂತ್ರದ ಯೋಚನೆ ಮೊಳೆಯಿತು. ಅದಕ್ಕೆ ಪೇಟೆಂಟ್ ಕೂಡ ಮಾಡಿಸಲಿಲ್ಲ ಪುಣ್ಯಾತ್ಮ.

ಹಾಡುವವರನ್ನು ವಾದ್ಯ ಹಿಂಬಾಲಿಸಬೇಕು ಅನ್ನುವ ಕಸುಬಿನಿಂದ ಹುಟ್ಟಿದ ಯಂತ್ರ ಇದು. ನಾವು ಅದನ್ನು ತಲೆಕೆಳಗು ಮಾಡಿ, ವಾದ್ಯದ ಹಿಂದೆ ಏದುಸಿರು ಬಿಡುತ್ತಾ ಓಡುತ್ತಿದ್ದೇವೆ.

ಕರೋಕೆಯ ಬಹಳಷ್ಟು ಪೆಟ್ಟಿಗೆಗಳಲ್ಲಿ, ಮೊಬೈಲಿನ ಎಷ್ಟೋ ಆ್ಯಪ್‌ಗಳಲ್ಲಿ ‘ಕೀ’ ಅಂತ ಒಂದು ಗುಂಡಿ ಇರುತ್ತದೆ, ಪಕ್ಕದಲ್ಲಿ ಕೂಡಿಸು ಕಳೆ ಚಿಹ್ನೆ. ಒಂದು ಸಲ ಒತ್ತಿದರೆ ಶ್ರುತಿ ಒಂದು ಮನೆ ಮೇಲೆ ಅಥವಾ ಕೆಳಗೆ. ಹಾರ್ಮೋನಿಯಂನಲ್ಲಿ ಒಂದು ‘ಸ’ದಿಂದ ಮೇಲಿನ ‘ಸ’ಕ್ಕೆ ಬಿಳಿ ಕಪ್ಪು ಸೇರಿ ಹನ್ನೆರಡು ಮನೆ ಇವೆಯಲ್ಲ, ಅದೇ ಮನೆ. ಎಷ್ಟೋ ಜನ ಈ ಗುಂಡಿಯನ್ನು ಮುಟ್ಟಿಯೇ ಇರುವುದಿಲ್ಲ. ಇವತ್ತು ನೀವು ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಪರವಾಗಿಲ್ಲ, ಈ ಗುಂಡಿ ನೆನಪಿರಲಿ.

ಹಾಡು ಆರಿಸುವುದು ಹೇಗೆ?

ಮೊದಲು ನಿಮ್ಮ ಅಳತೆ ನೀವು ತಿಳಿಯಿರಿ. ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಹಾಕಿಕೊಳ್ಳಿ. ಸಂಜೆ ಹೊತ್ತು, ಗಂಟಲು ಬಿಸಿಯಾದ ಮೇಲೆ ಕೂತುಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಎಲ್ಲರ ದನಿಯೂ ತಗ್ಗಿರುತ್ತದೆ, ಆ ಲೆಕ್ಕ ಹಿಡಿಯಬೇಡಿ. ಮಾತಾಡುವ ದನಿಯಿಂದ ಮೆಲ್ಲಗೆ ಕೆಳಗಿಳಿಯಿರಿ. ಎಲ್ಲಿ ದನಿ ಬರೀ ಗಾಳಿಯಾಗುತ್ತದೋ ಅದಕ್ಕೆ ಎರಡು ಮನೆ ಮೇಲೆ ನಿಮ್ಮ ನೆಲ. ಹಾಗೇ ಮೇಲಕ್ಕೆ ಹೋಗಿ. ಎಲ್ಲಿ ಕತ್ತಿನ ನರ ಉಬ್ಬುತ್ತದೋ, ಗದ್ದ ಮೇಲೆದ್ದು ಹೋಗುತ್ತದೋ, ಅದಕ್ಕೆ ಎರಡು ಮನೆ ಕೆಳಗೆ ನಿಮ್ಮ ಸೂರು. ಈ ನೆಲ ಮತ್ತು ಸೂರಿನ ನಡುವೆ ಹಾಡಿದರೆ ಸುಖ.

ಎರಡನೆಯದು, ಹಾಡನ್ನು ಪಲ್ಲವಿಯಿಂದ ಅಳೆಯಬೇಡಿ. ನಮ್ಮ ಸಿನಿಮಾ ಹಾಡುಗಳ ಪಲ್ಲವಿ ಬಹಳ ಸಲ ಮಧ್ಯಸ್ಥಾಯಿಯಲ್ಲಿ ಆರಾಮಾಗಿ ಕೂತಿರುತ್ತದೆ, ಚರಣದ ಎರಡನೆಯ ಮೂರನೆಯ ಸಾಲಿನಲ್ಲಿ ಇದ್ದಕ್ಕಿದ್ದ ಹಾಗೆ ಗುಡ್ಡ ಹತ್ತುತ್ತದೆ. ಆಫೀಸಿನ ಪಾರ್ಟಿಯಲ್ಲಿ ನಮ್ಮ ತಂಗಿಯ ದನಿ ಒಡೆದದ್ದು ಆ ಗುಡ್ಡದಲ್ಲೇ. ಹಾಗಾಗಿ ಮೊದಲು ಚರಣದ ಅತಿ ಎತ್ತರದ ಸಾಲನ್ನು ಹಾಡಿ ನೋಡಿ. ಅದು ಬಂದರೆ ಹಾಡು ನಿಮ್ಮದು.

ಮೂರನೆಯದು, ಒಂದು ಗುಂಡಿಗೆ ಬೀಳಬೇಡಿ. ಎತ್ತರದ ಹಾಡು ಸಿಕ್ಕಿದಾಗ ತುಂಬ ಜನ ಟ್ರ್ಯಾಕನ್ನು ಹಾಗೇ ಬಿಟ್ಟು, ತಾವು ಒಂದು ಸ್ಥಾಯಿ ಪೂರ್ತಿ ಕೆಳಗೆ ಹಾಡುತ್ತಾರೆ. ನಾಲ್ಕು ಮೆಟ್ಟಿಲು ಇಳಿದರೆ ಸಾಕಾಗಿದ್ದ ಕಡೆ ಹನ್ನೆರಡು ಮೆಟ್ಟಿಲು ಇಳಿದು ನೆಲಮಾಳಿಗೆ ಸೇರಿದ ಹಾಗೆ. ಅಲ್ಲಿ ದನಿ ಗೊಣಗಾಟವಾಗುತ್ತದೆ. ಜನ ಅದನ್ನು ಕೇಳಿ ‘ಈಕೆಗೆ ದನಿಯೇ ಇಲ್ಲ’ ಅಂದುಬಿಡುತ್ತಾರೆ. ದನಿ ಇದೆ, ಮಹಡಿ ತಪ್ಪಿದೆ ಅಷ್ಟೆ.

ಈಗ ಹಾಡುಗಳನ್ನು ರಾಶಿ ಮಾಡೋಣ.

ಮೊದಲ ರಾಶಿ, ಎತ್ತರದಲ್ಲಿ ಹಾಡುವ ಗಂಡಸರ ಹಾಡುಗಳು. ಎಸ್. ಪಿ. ಬಾಲಸುಬ್ರಹ್ಮಣ್ಯಂ, ರಾಜೇಶ್ ಕೃಷ್ಣನ್, ಸೋನು ನಿಗಮ್, ಭಾವಗೀತೆಯಲ್ಲಿ ಸಿ. ಅಶ್ವತ್ಥ್. ಇಲ್ಲಿದೆ ನಿಮ್ಮ ಖಜಾನೆ. ಗಂಡಸು ಕಷ್ಟಪಟ್ಟು ಹತ್ತುವ ಎತ್ತರವೇ ತಗ್ಗು ದನಿಯ ಹೆಣ್ಣಿಗೆ ನಡುಮನೆ. ಅಶ್ವತ್ಥರು ತಾರಕ್ಕೆ ಹೋಗಿ ಕೂಗುವ ಜಾಗದಲ್ಲಿ ನೀವು ಕಾಲು ಚಾಚಿ ಕೂತು ಹಾಡಬಹುದು. ಈ ಹಾಡುಗಳಿಗೆ ಬಹಳ ಸಲ ಗುಂಡಿ ಮುಟ್ಟುವ ಅಗತ್ಯವೇ ಇಲ್ಲ. ಮೂಲ ಶ್ರುತಿಯಲ್ಲೇ, ಅದೇ ಸ್ಥಾಯಿಯಲ್ಲಿ ಹಾಡಿ ನೋಡಿ.

ಎರಡನೆಯ ರಾಶಿ, ಮೆತ್ತಗೆ ಕೆಳಗೆ ಹಾಡಿದ ಗಂಡಸರ ಹಾಡುಗಳು. ಮುಖ್ಯವಾಗಿ ಪಿ. ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ನಿಂದ ಡಾ. ರಾಜ್ ತಾವೇ ಹಾಡತೊಡಗುವವರೆಗೆ ಅವರ ಹಾಡಿನ ದನಿಯಾಗಿದ್ದವರು ಇವರೇ. ಗಂಟಲು ಬಿಗಿಯದೆ, ಕೂಗದೆ ಹಾಡುವುದು ಹೇಗೆ ಅಂತ ಕಲಿಯಲು ಇವರಿಗಿಂತ ಮೇಷ್ಟ್ರಿಲ್ಲ. ಮೂಲ ಶ್ರುತಿಯಲ್ಲಿ ಈ ಹಾಡುಗಳು ನಿಮಗೂ ಕೆಳಗಾಗುತ್ತವೆ. ಮೂರರಿಂದ ಐದು ಮನೆ ಏರಿಸಿ.

ಮೂರನೆಯದು, ಹೆಣ್ಣು ಹಾಡುಗಳೇ. ಜಾನಕಮ್ಮ, ಸುಶೀಲಮ್ಮ, ಚಿತ್ರಾ, ಶ್ರೇಯಾ ಘೋಷಾಲ್. ಇಷ್ಟವಿದ್ದರೆ ಬಿಡಬೇಡಿ, ಮೂರರಿಂದ ಐದು ಮನೆ ಇಳಿಸಿ. ಅದಕ್ಕಿಂತ ಹೆಚ್ಚು ಇಳಿಸಿದರೆ ಕೊಳಲು ಶಂಖದ ಹಾಗೆ, ತಬಲ ಡಬ್ಬದ ಹಾಗೆ ಕೇಳಿಸತೊಡಗುತ್ತದೆ. ಆಗ ಆ ಟ್ರ್ಯಾಕ್ ಬಿಟ್ಟು, ಕೀಬೋರ್ಡ್ ನುಡಿಸುವ ಗೆಳೆಯರನ್ನು ಹಿಡಿದು ನಿಮ್ಮ ಶ್ರುತಿಯಲ್ಲೇ ನುಡಿಸಿ ರೆಕಾರ್ಡ್ ಮಾಡಿಕೊಳ್ಳಿ. ತೆಳು ದನಿಗೆ ಜೋತುಬೀಳದ ಗಾಯಕಿಯರ ಹಾಡುಗಳನ್ನೂ ಹುಡುಕಿ. 2007ರ ‘ದುನಿಯಾ’ ಚಿತ್ರಕ್ಕೆ ಎಂ. ಡಿ. ಪಲ್ಲವಿ ಹಾಡಿದ ‘ನೋಡಯ್ಯ ಕ್ವಾಟೆ ಲಿಂಗವೇ’ ಕೇಳಿ. ಎದೆಯಿಂದ ಎದ್ದ ಹಾಡು ಅದು.

ನಾಲ್ಕನೆಯ ರಾಶಿಯೇ ನನಗೆ ಎಲ್ಲಕ್ಕಿಂತ ಪ್ರೀತಿಯದು. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದ, ಜನಪದ ಗೀತೆ. ಇವಕ್ಕೆ ಯಾವ ಕಂಪನಿಯೂ ಶ್ರುತಿ ನಿಗದಿ ಮಾಡಿಲ್ಲ. ಅಕ್ಕಮಹಾದೇವಿ ಎಷ್ಟು ಮನೆಯಲ್ಲಿ ಹಾಡಿದಳು ಅಂತ ಕೇಳುವವರು ಯಾರೂ ಇಲ್ಲ. ತಂಬೂರಿಯ ಆ್ಯಪ್ ಒಂದಿದ್ದರೆ ಸಾಕು. ಆಫೀಸಿನ ಪಾರ್ಟಿಯಲ್ಲಿ ಕನ್ನಡದ ಟ್ರ್ಯಾಕ್ ಇಲ್ಲ ಅಂತ ಯಾರಾದರೂ ಕೈಯಾಡಿಸಿದರೆ, ಟ್ರ್ಯಾಕ್ ಇಲ್ಲದೆಯೇ ಒಂದು ತತ್ವಪದ ಹಾಡಿ ಬನ್ನಿ.

ಗಂಡಿನ ಹಾಡು ಹೆಣ್ಣು ಹಾಡಬಹುದೇ?

ಒಬ್ಬಳು ಕೇಳಿದಳು: “ಗಂಡಸರ ಹಾಡಿನಲ್ಲಿ ‘ಅವಳು’ ಅಂತ ಬರುತ್ತದಲ್ಲ ಮೇಡಂ, ಹುಡುಗಿ ಹಾಡಿದರೆ ನಗುವುದಿಲ್ಲವೇ?” ನಗುವವರಿಗೆ ನಮ್ಮ ಪರಂಪರೆ ಗೊತ್ತಿಲ್ಲ. ಶರಣ ಸತಿ, ಲಿಂಗ ಪತಿ ಅಂದವರು ನಮ್ಮ ಗಂಡು ವಚನಕಾರರು. ಪುರಂದರದಾಸರು ಯಶೋದೆಯಾಗಿ ಕೃಷ್ಣನನ್ನು ಮುದ್ದಿಸಿದರು, ಗೋಪಿಯಾಗಿ ದೂರು ಹೇಳಿದರು. ಕಂಪನಿ ನಾಟಕದಲ್ಲಿ ಗಂಡಸರು ಸೀರೆಯುಟ್ಟು ಬಂದಾಗ ಜನ ನಗಲಿಲ್ಲ, ಅತ್ತರು. ಯಕ್ಷಗಾನದಲ್ಲಿ ಇವತ್ತಿಗೂ ಗಂಡಸರು ಸ್ತ್ರೀವೇಷ ಕಟ್ಟುತ್ತಾರೆ. ಗಂಡು ಹೆಣ್ಣಾಗಿ ಹಾಡಿದರೆ ಭಕ್ತಿ, ಕಲೆ. ಹೆಣ್ಣು ಗಂಡಾಗಿ ಹಾಡಿದರೆ ನಗು! ಇದು ಯಾವ ನ್ಯಾಯ? ಪದ ಬದಲಿಸಬೇಡಿ. ಕವಿ ಬರೆದ ಹಾಗೇ ಹಾಡಿ. ಹಾಡುವವರು ಹಾಡಿನ ಪಾತ್ರವಾಗುತ್ತಾರೆ, ಅಷ್ಟೆ.

ಯುಗಳಗೀತೆಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಇಬ್ಬರಿಗೂ ಸಾಮಾನ್ಯವಾಗಿ ಒಂದೇ ಶ್ರುತಿ. ಗಂಡು ಹಾಡಿದ್ದನ್ನು ಹೆಣ್ಣು ಒಂದು ಸ್ಥಾಯಿ ಮೇಲೆ ಹಾಡುತ್ತಾಳೆ. ಗಂಡಸೇ ಎತ್ತರದಲ್ಲಿ ಹಾಡುವವನಾದರೆ ಹೆಣ್ಣಿನ ಪಾಡು ಆಕಾಶಕ್ಕೆ ಏಣಿ. ಹಾಗಿದ್ದಾಗ ಪಾಲು ಬದಲಿಸಿಕೊಳ್ಳಿ. ಗಂಡಿನ ಸಾಲು ನೀವು ಹಾಡಿ, ಹೆಣ್ಣಿನ ಸಾಲನ್ನು ತೆಳು ದನಿಯ ಗೆಳತಿ ಹಾಡಲಿ. ಗಂಗೂಬಾಯಿಯವರ ಜೊತೆಯಲ್ಲಿ ಮಗಳು ಕೃಷ್ಣಾ ವರ್ಷಗಟ್ಟಲೆ ಕೂತು ಹಾಡಿದರು. ಎರಡು ಹೆಣ್ಣು ದನಿ, ಎರಡು ಬಣ್ಣ. ಒಂದು ಇನ್ನೊಂದನ್ನು ನುಂಗಲಿಲ್ಲ.

ಮೈಕ್ ಹಿಡಿಯುವ ಮೊದಲು

ಸೌಂಡ್ ನೋಡಿಕೊಳ್ಳುವ ಅಣ್ಣಂದಿರೇ, ಈ ಮಾತು ನಿಮಗೆ. ಹುಡುಗಿ ಬಂದಳು ಅಂದ ಕೂಡಲೇ ತೆಳು ದನಿಯ ಲೆಕ್ಕದಲ್ಲಿ ಗುಂಡಿ ತಿರುಗಿಸಿ ಕೂರಬೇಡಿ. ತಗ್ಗು ದನಿ ಇರುವುದು ಗಿಟಾರು, ಮೃದಂಗ, ಕೀಬೋರ್ಡುಗಳ ನಡುವಿನ ಜಾಗದಲ್ಲೇ. ಟ್ರ್ಯಾಕ್ ಜೋರಾದರೆ ದನಿ ಅದರೊಳಗೆ ಮುಳುಗುತ್ತದೆ. ಮೊದಲು ಟ್ರ್ಯಾಕಿನ ಸದ್ದು ಇಳಿಸಿ. ಮೈಕಿನ ಬೇಸ್ ಸ್ವಲ್ಪ ತಗ್ಗಿಸಿ, ನಡುವಿನದನ್ನು ಸ್ವಲ್ಪ ಏರಿಸಿ. ಎಕೋ ಅಂತೂ ಉಪ್ಪಿನಕಾಯಿಯ ಹಾಗೆ ಇರಲಿ, ಊಟವೇ ಆಗಬಾರದು.

ಹಾಡುವವರೇ, ಮೈಕನ್ನು ತುಟಿಗೆ ತಾಗಿಸಿ ಹಿಡಿದರೆ ದನಿ ಇನ್ನೂ ದಪ್ಪಗಾಗಿ ಗುಂಯ್‌ಗುಡುತ್ತದೆ. ನಾಲ್ಕು ಬೆರಳು ದೂರ ಹಿಡಿಯಿರಿ. ಪಿಸುಗುಟ್ಟಬೇಡಿ. ನಾಚಿಕೆಯಿಂದ ಪಿಸುಗುಟ್ಟಿದರೆ ಗಂಟಲು ಒಣಗುತ್ತದೆ, ದನಿಯೂ ನಿಲ್ಲುವುದಿಲ್ಲ. ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವಾಗ ಇರುತ್ತದಲ್ಲ ಒಂದು ದನಿ, ಅದರಲ್ಲಿ ಹಾಡಿ.

ಪದ ಕೇಳಿಸಬೇಕು

ಕೊನೆಗೆ, ಕನ್ನಡದವರಾದ ನಮಗೆ ಮುಖ್ಯವಾದ ಮಾತು. ತಗ್ಗು ದನಿಗೆ ಒಂದು ವರವಿದೆ. ಆ ದನಿಯಲ್ಲಿ ಪದ ಸ್ಪಷ್ಟವಾಗಿ ಕೇಳುತ್ತದೆ. ಇದು ನನ್ನ ಅಭಿಮಾನದ ಮಾತಲ್ಲ, ಶಬ್ದಶಾಸ್ತ್ರದ ಮಾತು. ಅ, ಇ, ಉ ಸ್ವರಗಳನ್ನು ಕಿವಿ ಬೇರೆ ಬೇರೆಯಾಗಿ ಗುರುತಿಸುವುದು ಬಾಯಿಯೊಳಗೆ ಹುಟ್ಟುವ ಅನುರಣನದಿಂದ. ‘ಇ’ಕಾರದ ಮೊದಲ ಅನುರಣನ ಸೆಕೆಂಡಿಗೆ ಸುಮಾರು 300 ಅದುರುವಿಕೆಯ ಹತ್ತಿರ ಇರುತ್ತದೆ. ಸಿನಿಮಾ ಹಾಡಿನ ಚರಣದಲ್ಲಿ ಹೆಣ್ಣು ದನಿ 600 ದಾಟಿ ಹೋದಾಗ ಆ ಗುರುತು ಮಸುಕಾಗುತ್ತದೆ. ಇ ಯಾವುದು, ಎ ಯಾವುದು ತಿಳಿಯುವುದಿಲ್ಲ. ಬರೀ ನಾದ ಉಳಿಯುತ್ತದೆ, ಮಾತು ಹಾರಿಹೋಗುತ್ತದೆ.

ತಗ್ಗು ದನಿ ಮಾತಾಡುವ ಎತ್ತರದ ಹತ್ತಿರದಲ್ಲೇ ಹಾಡುತ್ತದೆ. ಒತ್ತಕ್ಷರ ಒತ್ತಾಗಿ, ಅಲ್ಪಪ್ರಾಣ ಮಹಾಪ್ರಾಣ ಬೇರೆಯಾಗಿ, ಳಕಾರ ಳಕಾರವಾಗಿ ಕಿವಿಗೆ ಬೀಳುತ್ತದೆ. ಕನ್ನಡ ಬಾರದ ಸಹೋದ್ಯೋಗಿಗಳ ಮುಂದೆ ಕನ್ನಡ ಹಾಡು ಹಾಡುತ್ತೀರಲ್ಲ, ಅವರ ಕಿವಿಗೆ ನಮ್ಮ ನುಡಿಯ ಒಂದೊಂದು ಅಕ್ಷರವನ್ನೂ ತೊಳೆದಿಟ್ಟ ಪಾತ್ರೆಯ ಹಾಗೆ ಜೋಡಿಸಿ ಕೊಡಬಲ್ಲವರು ನೀವು. ಅಂಥವರೇ ಹೆಸರು ಹೊಡೆದುಕೊಂಡು ಮೂಲೆಯಲ್ಲಿ ಕೂತರೆ ನಷ್ಟ ಯಾರಿಗೆ?

ಗೆಳೆಯರೇ, ಕೇಳುವವರಾದ ನಿಮಗೂ ಒಂದು ಜವಾಬ್ದಾರಿ ಇದೆ. ಹುಡುಗಿಯೊಬ್ಬಳು ತಗ್ಗಿದ ದನಿಯಲ್ಲಿ ಹಾಡು ಎತ್ತಿದಾಗ ಪಕ್ಕದವನ ಮುಖ ನೋಡಿ ಹುಬ್ಬು ಹಾರಿಸಬೇಡಿ. ಅರ್ಧ ನಿಮಿಷ ಸುಮ್ಮನೆ ಕೇಳಿ. ನಿಮ್ಮ ಕಿವಿಗೆ ಎಪ್ಪತ್ತು ವರ್ಷದ ರೂಢಿ ಅಂಟಿಕೊಂಡಿದೆ, ಅದು ಸಡಿಲವಾಗಲು ಸ್ವಲ್ಪ ಹೊತ್ತು ಬೇಕು. ಶಾಲೆಯಲ್ಲಿ ಪಾಠ ಹೇಳುವವರು ಇಲ್ಲಿದ್ದರೆ ಅವರಿಗೂ ಕೈ ಮುಗಿದು ಕೇಳುತ್ತೇನೆ. ಯಾವ ಮಗುವಿಗೂ ‘ಬಾಯಿ ಮಾತ್ರ ಆಡಿಸು’ ಅನ್ನಬೇಡಿ. ಆ ಒಂದು ಮಾತು ಇಪ್ಪತ್ತು ವರ್ಷ ಒಂದು ಗಂಟಲನ್ನು ಕಟ್ಟಿಹಾಕುತ್ತದೆ. ಶ್ರುತಿ ಎರಡು ಮನೆ ಇಳಿಸಿ, ಇಡೀ ತರಗತಿ ಹಾಡುತ್ತದೆ.

ಪಟ್ಟಿ ಇಲ್ಲೇ ಮೇಜಿನ ಮೇಲೆ ಇಟ್ಟಿರುತ್ತೇನೆ, ಪೆನ್ನೂ ಇದೆ. ಹೆಸರು ಬರೆಸುವಾಗ ಹಾಡಿನ ಪಕ್ಕದಲ್ಲೇ ಎಷ್ಟು ಮನೆ ಏರಿಸಬೇಕು, ಎಷ್ಟು ಇಳಿಸಬೇಕು ಅಂತ ಬರೆಯಿರಿ. ಸೌಂಡ್ ಅಣ್ಣಂದಿರು ಅದನ್ನು ನೋಡಿಯೇ ಟ್ರ್ಯಾಕ್ ಹಾಕುತ್ತಾರೆ ಅಂತ ಮಾತು ಕೊಟ್ಟಿದ್ದಾರೆ. ಹೊಡೆದುಹಾಕಿದ ಆ ಮೂರು ಹೆಸರುಗಳ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ.